ಕುಡಿಯರಸು ದಿನ

ಪೆರಂಬೂರು, ಮದ್ರಾಸು
(ಈಗ ಚೆನ್ನೈ ಅಂತ ಬರೆಯಬೇಕು, ಕೈಗೆ ಇನ್ನೂ ಅಭ್ಯಾಸವಾಗಿಲ್ಲ)
೧೧ ಫೆಬ್ರವರಿ ೧೯೯೯

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ನೀರಜಾ ಇಷ್ಟು ದೂರದಿಂದಲೇ ಕಾಲಿಗೆ ಬಿದ್ದು ಬರೆಯುವುದು. ನಾವೆಲ್ಲ ಕ್ಷೇಮ. ನೀನು ಕ್ಷೇಮವಾಗಿಲ್ಲ ಅನ್ನುವುದು ಹೋದ ಗುರುವಾರದ ಫೋನಿನಲ್ಲೇ ತಿಳಿಯಿತು. ಒಂದು ವಾರದಿಂದ ಬರೆಯುತ್ತೇನೆ, ಹರಿಯುತ್ತೇನೆ. ಫೋನಿನಲ್ಲಿ ಉತ್ತರ ಹೇಳೋಣವೆಂದರೆ ನೀನು ಉಸಿರು ತೆಗೆದುಕೊಳ್ಳಲೂ ನಿಲ್ಲಿಸಲಿಲ್ಲ. ಮೇಲಾಗಿ ಎಸ್‌ಟಿಡಿ ಬೂತಿನಲ್ಲಿ ನಿನ್ನ ಬೆನ್ನ ಹಿಂದೆ ಅರ್ಧ ಬೀದಿ ನಿಂತಿತ್ತು. ಅವರೆಲ್ಲ ಲೊಚಗುಟ್ಟಿದ್ದು ಇಲ್ಲಿಗೆ ಕೇಳಿಸಿತು.

ನೀನು ಹೇಳಿದ್ದಿಷ್ಟು: "ನಿನ್ ಗಂಡ ದಿನಾ ಸಂದೇಲಿ ಕುಡೀಕೆ ಓಯ್ತಾನಂತಲ್ಲ! ಮಗೀನ ಸ್ಕೂಲ್ಗೂ ಬಂದು ಎಲ್ಲಾರ ಮುಂದೆ ಬಿದ್ನಂತಲ್ಲ! ಅಪ್ಪ ಇಂಗಾದ್ರೆ ಮಗು ಇನ್ನೆಂಗಾದದು? ನನ್ನೇ ಹಂದಿ ಅಂತ ಬರ್ದವಳೆ!" ಇಪ್ಪತ್ತೊಂದನೇ ತಾರೀಕು ಭಾನುವಾರ ನಿನ್ನ ತಮ್ಮ ಮಾದೇಶ ಮಾವನನ್ನು ಕರೆದುಕೊಂಡು ಬರುತ್ತೀಯಂತೆ, ತೇಜುವನ್ನು ಕೊಳ್ಳೇಗಾಲಕ್ಕೆ ಕರೆದೊಯ್ದು ಅಲ್ಲಿನ ಸ್ಕೂಲಿಗೆ ಸೇರಿಸುತ್ತೀಯಂತೆ. ಮಾವ ಕುಡಿತ ಬಿಡಿಸುವ ನಾಟಿ ಪುಡಿಯನ್ನೂ ತರುತ್ತಾನಂತೆ, ಕಾಫಿಯಲ್ಲಿ ಬೆರೆಸಿಕೊಡಬೇಕಂತೆ.

ಅಮ್ಮ, ನಿನ್ನ ಅಳಿಯ ಜನ್ಮದಲ್ಲಿ ಕುಡಿದವರಲ್ಲ. ಕೆಮ್ಮಿನ ಔಷಧಿ ಕುಡಿಯುವುದಕ್ಕೇ ಮುಖ ಕಿವುಚುತ್ತಾರೆ. ಅವರು ದಿನಾ ಹೋಗುವುದು ಗುಡಿಗೆ. ತೇಜು ನಿನಗೆ ಹಾಕಿದ ಕಾಗದದಲ್ಲಿ ಬರೆದಿದ್ದೂ ಅದನ್ನೇ, "ಅಪ್ಪ ದಿನಾ ಗುಡೀಗೆ ಹೋಗ್ತಾರೆ" ಅಂತ. ಆದರೆ ಬರೆದದ್ದು ತಮಿಳಕ್ಷರದಲ್ಲಿ. ತಮಿಳಿನಲ್ಲಿ ಕ ಅನ್ನುವುದಕ್ಕೂ ಗ ಅನ್ನುವುದಕ್ಕೂ ಇರುವುದು ಒಂದೇ ಅಕ್ಷರ. ಗುಡೀಗೆ ಅಂತ ಬರೆದರೂ ಅದೇ, ಕುಡೀಕೆ ಅಂತ ಬರೆದರೂ ಅದೇ. ಎರಡರಲ್ಲಿ ನಿನ್ನ ಕಣ್ಣಿಗೆ ಯಾವುದು ಬಿತ್ತು ನೋಡು. ಇಪ್ಪತ್ತು ವರ್ಷ ಆ ಮನೆಯಲ್ಲಿ ಬೆಳೆದವಳು ನಾನು, ನನಗೆ ಆಶ್ಚರ್ಯವಾಗಲಿಲ್ಲ.

ನಿಜ ಹೇಳುತ್ತೇನೆ, ಗುಡಿಗೆ ಹೋಗುವುದೂ ಭಕ್ತಿಯಿಂದಲ್ಲ. ಮಾರ್ಗಳಿ ತಿಂಗಳಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಬಿಸಿ ಪೊಂಗಲ್ ಕೊಡುತ್ತಿದ್ದರು, ಆ ರುಚಿ ಹತ್ತಿಬಿಟ್ಟಿತು. ತಿಂಗಳು ಮುಗಿದರೂ ಇವರು ಬಿಡಲಿಲ್ಲ. ಈಗ ಸಾಯಂಕಾಲದ ಸುಂಡಲಿಗಾಗಿ ನಿಂತಿರುತ್ತಾರೆ. ಅದು ನಮ್ಮ ಕಡಲೆ ಉಸಲಿಯೇ. ನಾನು ಮನೆಯಲ್ಲಿ ಮಾಡಿದರೆ ಮುಟ್ಟುವುದಿಲ್ಲ, ದೊನ್ನೆಯಲ್ಲಿ ಕೊಟ್ಟರೆ ಎರಡು ಸಲ ಕೈಯೊಡ್ಡುತ್ತಾರೆ.

ಇನ್ನು ಸ್ಕೂಲಿನಲ್ಲಿ ಬಿದ್ದದ್ದು. ತೇಜು ಅದನ್ನು "ಕುಡಿಯರಸು ದಿನ ಅಪ್ಪ ಸ್ಕೂಲಲ್ಲಿ ಬಿದ್ರು" ಅಂತ ಬರೆದಿದ್ದಾಳೆ. ಗಣರಾಜ್ಯ ದಿನಕ್ಕೆ ತಮಿಳಿನಲ್ಲಿ ಕುಡಿಯರಸು ದಿನ ಅನ್ನುತ್ತಾರಮ್ಮ. ಕುಡಿ ಅಂದರೆ ಪ್ರಜೆ. ನೀನು ಕುಡಿಯುವ ಅರಸು ಅಂತ ಓದಿಕೊಂಡೆ. ನಿನ್ನ ತಪ್ಪೇನೂ ಇಲ್ಲ ಬಿಡು, ನೀನು ಮೂರನೇ ಕ್ಲಾಸಿನಲ್ಲಿ ತಮಿಳು ಓದಿದಾಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಗಣರಾಜ್ಯ ಅನ್ನುವುದು ಇನ್ನೂ ಹುಟ್ಟಿರಲಿಲ್ಲ. ಹತ್ತು ವರ್ಷದ ಮೇಲೆ ಗಡಿ ಎಳೆದರು, ನೀನು ಜಗುಲಿಯಿಂದ ಇಳಿಯದೆಯೇ ಮೈಸೂರು ರಾಜ್ಯದವಳಾದೆ. ಆವತ್ತು ನಿನ್ನ ಅಪ್ಪ, ತಮಿಳು ಓದಿದ್ದು ದಂಡವಾಯಿತಲ್ಲ ಅಂದರಂತೆ. ಆಗಿರಲಿಲ್ಲ, ನೋಡು. ನಮ್ಮ ಸಂಸಾರ ಒಡೆಯುವುದಕ್ಕೆ ಸರಿಯಾಗಿ ಉಪಯೋಗಕ್ಕೆ ಬಂತು.

ಆ ದಿನ ಅಪ್ಪಂದಿರಿಗೆ ಗೋಣಿಚೀಲದ ಓಟ ಇಟ್ಟಿದ್ದರು. ರೈಲು ಬೋಗಿ ಕಾರ್ಖಾನೆಯಲ್ಲಿ ಕೂತು ನಕ್ಷೆಗೆ ನೆಟ್ಟಗೆ ಗೆರೆ ಎಳೆಯುವ ನಿನ್ನ ಅಳಿಯ ಚೀಲದೊಳಗೆ ಕಾಲಿಟ್ಟು ಸೊಟ್ಟ ಸೊಟ್ಟ ಹಾರಿ ಧ್ವಜಸ್ತಂಭದ ಬುಡದಲ್ಲಿ ಬಿದ್ದರು. ಹೆಡ್‌ಮಿಸ್ಟ್ರೆಸ್ಸೇ ಚಪ್ಪಾಳೆ ತಟ್ಟಿದರು. ಇವರಿಗೆ ಅದರ ಅವಮಾನವೇ ಸಾಕಾಗಿತ್ತು, ಈಗ ನಿನ್ನದೂ ಸೇರಿತು. "ನಿಮ್ಮಮ್ಮ ನನ್ನನ್ನ ಇಷ್ಟೇನಾ ಅರ್ಥ ಮಾಡ್ಕೊಂಡಿರೋದು?" ಅಂತ ಕೇಳಿದವರು ನಾಲ್ಕು ದಿನದಿಂದ ಗುಡಿಗೂ ಹೋಗಿಲ್ಲ. ಕಾಫಿ ಕೊಟ್ಟರೆ ಮೊದಲು ಮೂಸಿ ನೋಡುತ್ತಾರೆ.

ಇಲ್ಲಿಯವರೆಗೆ ಬೇರೆಯವರ ತಪ್ಪು ಬರೆದೆ. ಈಗ ನನ್ನದು.

ಎರಡು ವರ್ಷದಿಂದ ತೇಜು ಹೆಸರಿನಲ್ಲಿ ನಿನಗೆ ಬಂದ ಕನ್ನಡದ ಕಾಗದಗಳನ್ನೆಲ್ಲ ಬರೆದವಳು ನಾನು. ಮಕ್ಕಳ ಅಕ್ಷರದ ಹಾಗೆ ಕಾಣಲೆಂದು ಎಡಗೈಯಲ್ಲಿ ಬರೆದೆ. ನೀನು ಅವನ್ನು ಬೀದಿಯವರಿಗೆಲ್ಲ ತೋರಿಸಿ, ಮದ್ರಾಸಿನಲ್ಲಿದ್ದರೂ ನನ್ನ ಮೊಮ್ಮಗಳ ಕನ್ನಡ ನೋಡಿ ಅಂತ ಹೇಳಿಕೊಂಡಿದ್ದು ಗೊತ್ತು. ಅದನ್ನು ಕೇಳಿದ ಮೇಲೂ ಮುಂದಿನ ಕಾಗದಕ್ಕೆ ಪೆನ್ನನ್ನು ಎಡಗೈಗೇ ತೆಗೆದುಕೊಂಡೆ. ಎಂಟು ವರ್ಷದ ಮಗುವಿಗೆ ನಾನು ಕನ್ನಡ ಹೇಳಿಕೊಡಲಿಲ್ಲ. ಇವತ್ತು, ನಾಳೆ ಅಂದುಕೊಂಡೆ. ಈ ಸಲ ನನಗೆ ಜ್ವರ ಬಂದಿತ್ತು, ಅವಳೇ ಬರೆದು ಅಂಚೆಗೆ ಹಾಕಿದ್ದಾಳೆ. ಅಷ್ಟೂ ಕನ್ನಡವೇ, ಅಕ್ಷರ ಮಾತ್ರ ತಮಿಳು. ಅವಳಿಗೆ ಬರುವುದು ಅದೊಂದೇ.

ಆ ಹಂದಿಯ ಮಾತಿಗೆ ಮಾತ್ರ ನನ್ನ ಹತ್ತಿರ ಸಮಾಧಾನವಿಲ್ಲ. ಯಾರಿಂದ ಕಲಿತಳೋ ತಿಳಿಯದು. ಏನೂ ಕೇಳದೆ, ಯಾಕೆಂದೂ ಹೇಳದೆ ಅವಳ ಬೆನ್ನಿಗೆ ಎರಡು ಏಟು ಹಾಕಿದ್ದೇನೆ. ಕ್ಷಮಿಸು.

ದಯವಿಟ್ಟು ಭಾನುವಾರ ಬರಬೇಡಮ್ಮ. ತೇಜುವನ್ನು ಬಿಟ್ಟು ನನಗಿರಲು ಆಗುವುದಿಲ್ಲ. ಬೇಕಾದರೆ ಬೇಸಿಗೆ ರಜೆಯಲ್ಲಿ ನಾನೇ ಕರೆದುಕೊಂಡು ಬರುತ್ತೇನೆ. ಹೋದ ವಾರದಿಂದ ದಿನಕ್ಕಿಷ್ಟು ಅಂತ ಕ, ಖ, ಗ ತಿದ್ದಿಸುತ್ತಿದ್ದೇನೆ.

ಇಂತು ನಿನ್ನ ಸುಳ್ಳುಬುರುಕಿ ಮಗಳು,
ನೀರಜಾ

ಮರೆತ ಮಾತು: ಕವರು ಅಂಟಿಸುವಾಗ ತೇಜು ಬಂದು ಕೇಳಿದಳು, ಅಜ್ಜಿಗೆ ಯಾಕೆ ಕೋಪ ಅಂತ. ನೀನು ಹಂದಿ ಅಂತ ಬರೆದೆಯಲ್ಲ, ಅದಕ್ಕೆ ಅಂದೆ. ಮಗು ಬಿಕ್ಕಿ ಬಿಕ್ಕಿ ಅತ್ತಿತು. "ನಾನ್ ಅಪ್ಪಡಿ ಎಳುದವೇ ಇಲ್ಲೆಮ್ಮಾ, ಅಜ್ಜಿ ಬನ್ನೀಂತ ತಾನೆ ಬರೆದೆ!" ಅಂದಳು. ಹಾಗೆ ಬರೆಯಲೇ ಇಲ್ಲವಂತೆ, ಬನ್ನಿ ಅಂತ ಬರೆದದ್ದಂತೆ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಬನ್ನಿ ಅಂತ ಬರೆದರೆ ಪನ್ನಿ ಅಂತಾಗುತ್ತದೆ, ಪನ್ನಿ ಅಂದರೆ ತಮಿಳಿನಲ್ಲಿ ಹಂದಿ. ಅಜ್ಜಿಗೆ ಬಾ ಅನ್ನಬಾರದು, ದೊಡ್ಡವರನ್ನು ಬನ್ನಿ ಅಂತ ಕರೆಯಬೇಕು ಅಂತ ಕಲಿಸಿದವಳು ನಾನೇ. ಏಟು ತಿಂದವಳು ಅವಳು.

ಕೆಳಗೆ ಅದನ್ನೇ ಮತ್ತೆ ಬರೆದಿದ್ದಾಳೆ, ಕನ್ನಡ ಅಕ್ಷರದಲ್ಲಿ, ಬಲಗೈಯಲ್ಲಿ, ತಾನೇ. ನಮ್ಮ ಪಾಠ ಇನ್ನೂ ಪ ದವರೆಗೆ ಮಾತ್ರ ಬಂದಿದೆ, ಅದಕ್ಕೆ ಹೀಗಾಗಿದೆ. ನಾನು ತಿದ್ದಲಿಲ್ಲ. ಪುಡಿ ಅಲ್ಲೇ ಬಿಟ್ಟು ಭಾನುವಾರ ಬಾ, ಬ ನೀನೇ ಹೇಳಿಕೊಡು.

ಅಜ್ಜಿ ಪನ್ನಿ.