ಗುಡುಗಿದರೆ ಮೇನ್ ಆಫ್

ಏಪ್ರಿಲ್ 20, ಸೋಮವಾರ. ಬೆಳಗಿನ ಜಾವ

ಮತ್ತೆ ನಿದ್ದೆಯಿಲ್ಲ. ಪುಟ್ಟಿ ಎದ್ದಳು, ಹಾಲು ಕುಡಿದಳು, ಮಲಗಿದಳು. ನಾನು ಮಲಗಲಿಲ್ಲ. ಇವರು ಗೊರಕೆ ಹೊಡೆಯುತ್ತಿದ್ದಾರೆ, ಹೆತ್ತು ದಣಿದವರು ಇವರೇ ಅನ್ನುವ ಹಾಗೆ. ಸೆಕೆ. ಮೊಬೈಲಿನಲ್ಲಿ ಹವಾಮಾನ ನೋಡಿದೆ. ವಾರವಿಡೀ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ತಗ್ಗಿನಲ್ಲಿ ದಿಢೀರ್ ಪ್ರವಾಹದ ಸಾಧ್ಯತೆ. ಪಕ್ಕದಲ್ಲಿ ಒಂದು ಛತ್ರಿಯ ಚಿತ್ರ. ಪ್ರವಾಹಕ್ಕೆ ಛತ್ರಿ!

ನಿನ್ನೆಗೆ ಹೆರಿಗೆ ರಜೆ ಮುಗಿಯಿತು. ಇವತ್ತಿನಿಂದ ಪುಟ್ಟಿಯೂ ನನ್ನ ಜೊತೆ ಆಫೀಸಿಗೆ. ಅಮ್ಮ ಅತ್ತಿಗೆಯ ಬಾಣಂತನಕ್ಕೆ ಅಣ್ಣನ ಮನೆಗೆ ಹೋಗಿದ್ದಾಳೆ, ಅತ್ತೆಗೆ ಕಣ್ಣಿನ ಆಪರೇಷನ್ ಆಗಿದೆ. ಆಫೀಸಿನ ಕೆಳಗೇ ಬೇಬಿ ಸಿಟ್ಟಿಂಗ್ ಇದೆಯಲ್ಲ, ಎಂಥಾ ಪುಣ್ಯ ಅಂತ ಎಲ್ಲರೂ. ಕೆಳಗೆ — ಅದೇ ನನ್ನ ಕಷ್ಟ.

ಅದೇ ದಿನ, ಊಟದ ಹೊತ್ತು

ನೋಡಿದೆ. ಸೆಲ್ಲಾರ್. ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗ, ಈಗ ಗೋಡೆ ತುಂಬ ಆನೆ, ಜಿರಾಫೆ. ರಸ್ತೆಯಿಂದ ಇಳಿಜಾರು ನೇರ ಒಳಗೆ. ರಸ್ತೆಯಾಚೆ ಬಾಯಿ ತೆರೆದ ಮೋರಿ. ನಮ್ಮದು ವಿಮೆ ಕಂಪನಿ. ಮಳೆಗಾಲ ಬಂದರೆ ನನ್ನ ಟೇಬಲ್ ತುಂಬ ಸೆಲ್ಲಾರಿನಲ್ಲಿ ಮುಳುಗಿದ ಕಾರುಗಳ ಕ್ಲೇಮು. ಅಂಥ ಕಂಪನಿ ಕಾರುಗಳನ್ನು ಮೇಲೆ ತಂದು ಮಕ್ಕಳನ್ನು ಕೆಳಗಿಟ್ಟಿದೆ.

ನೀರು ನುಗ್ಗಿದರೆ ಅಂತ ಮ್ಯಾನೇಜರರನ್ನು ಕೇಳಿದೆ. ಹೊಸ ಪಂಪ್ ತೋರಿಸಿದರು, ಮಗಳ ಮದುವೆ ಆಲ್ಬಮ್ ತೋರಿಸುವ ಹಾಗೆ. ನೀರು ತಾಗಿದರೆ ಸಾಕು, ತಾನೇ ಶುರುವಾಗುತ್ತದಂತೆ. ತಲೆಯಾಡಿಸಿ ಬಂದೆ.

ಏಪ್ರಿಲ್ 24, ಶುಕ್ರವಾರ

ಮಧ್ಯಾಹ್ನ ಒಣ ಗುಡುಗು. ಹನಿ ಮಳೆಯಿಲ್ಲ. ಮೊದಲ ಸದ್ದಿಗೇ ವಾಚ್‌ಮನ್ ಓಡಿ ಮೇನ್ ಸ್ವಿಚ್ ಎಳೆದ. ಇಡೀ ಕಟ್ಟಡ ಕತ್ತಲು. ಎಲ್ಲರೂ ಅಭ್ಯಾಸವಾದವರಂತೆ ಕುರ್ಚಿ ತಿರುಗಿಸಿ ಬಿಸ್ಕತ್ತಿನ ಡಬ್ಬಿ ತೆಗೆದರು. ಹೋದ ವರ್ಷ ಸಿಡಿಲಿಗೆ ಸರ್ವರ್ ಸುಟ್ಟಿತಂತೆ, ಹೆಡ್ ಆಫೀಸು ಮ್ಯಾನೇಜರರನ್ನು ತರಾಟೆಗೆ ತೆಗೆದುಕೊಂಡಿತಂತೆ. ಅಂದಿನಿಂದ ಕಾನೂನು: ಗುಡುಗಿದರೆ ಮೇನ್ ಆಫ್.

ಪಂಪಿಗೆ ಕರೆಂಟು ಎಲ್ಲಿಂದ ಅಂತ ವಾಚ್‌ಮನ್‌ನನ್ನು ಕೇಳಿದೆ. ಅದೇ ಮೇನ್.

ಅಂದರೆ ಪಂಪು ಬಿಸಿಲಿದ್ದಾಗ ಮಾತ್ರ ಓಡುತ್ತದೆ.

ಮ್ಯಾನೇಜರರಿಗೆ ಬಿಡಿಸಿ ಹೇಳಿದೆ. ನಗುತ್ತಾ, "ತುಂಬಾ ಓದಿದ್ದೀರಿ ಮೇಡಂ, ಅದಕ್ಕೇ ಇಷ್ಟು ಯೋಚನೆ" ಅಂದರು. ಎದುರು ಟೇಬಲ್ಲಿನವಳ ಮಗನೂ ಅಲ್ಲೇ ಕೆಳಗೆ. ಅವಳಿಗೂ ಹೇಳಿದೆ. ಚೆನ್ನಾಗಿ ನಿದ್ದೆ ಮಾಡು, ಎಲ್ಲ ಸರಿಹೋಗುತ್ತದೆ ಅಂದಳು. ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಪಂಪ್ ಇದೆ ಅಂತೀಯಲ್ಲ, ಮತ್ತೇನು?"

ಇವರನ್ನು ಇಂಜಿನಿಯರ್ ಮಾಡಿದ ಕಾಲೇಜಿಗೆ ದೊಡ್ಡ ನಮಸ್ಕಾರ.

ಮೇ 5, ಮಂಗಳವಾರ. ಬೆಳಿಗ್ಗೆ

 ರಾತ್ರಿ ಬರೆಯಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ.

ನಿನ್ನೆ ಮೂರರ ಸುಮಾರಿಗೆ ಗುಡುಗಿತು. ಮೇನ್ ಆಫ್. ನಾನು ಎದ್ದೆ. "ಹೊರಟಳು ನೋಡಿ ಪ್ರವಾಹ ಅಧಿಕಾರಿ" ಅಂದಳು ಎದುರು ಟೇಬಲ್ಲಿನವಳು. ಎಲ್ಲರೂ ನಕ್ಕರು. ನಗಲಿ.

ಮೆಟ್ಟಿಲು ಇಳಿಯುವಷ್ಟರಲ್ಲಿ ಮಳೆ. ಮಳೆಯೇ ಅದು, ಯಾರೋ ಮೇಲಿಂದ ಸುರಿದ ಹಾಗೆ. ಮೋರಿ ಉಕ್ಕಿ ರಸ್ತೆಗೆ ಬಂತು, ರಸ್ತೆ ಇಳಿಜಾರಿನಲ್ಲಿ ಒಳಗೆ ಬಂತು — ರಾಡಿ, ಚಪ್ಪಲಿ, ಪ್ಲಾಸ್ಟಿಕ್ಕು. ಒಳಗೆ ಕತ್ತಲಲ್ಲಿ ಆಯಾ ಒಬ್ಬಳೇ, ಮಕ್ಕಳಿಗೆಲ್ಲ ನಿದ್ದೆ. ಇಬ್ಬರೂ ಹೊತ್ತೆವು. ಮೊದಲು ಪುಟ್ಟಿ. ಹೌದು, ಮೊದಲು ನನ್ನದೇ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಕೊನೆಯ ಮಗುವನ್ನು ಎತ್ತಿಕೊಂಡಾಗ ನೀರು ನನ್ನ ಮೊಣಕಾಲಿಗೆ. ಹಾಸಿಗೆಗಳು ತೇಲುತ್ತಿದ್ದವು. ಪಂಪು ಮುಳುಗಿ ಸುಮ್ಮನೆ ಕೂತಿತ್ತು.

ಕೊನೆಯದು ಎದುರು ಟೇಬಲ್ಲಿನವಳ ಮಗ. ಮೆಟ್ಟಿಲಲ್ಲೇ ಎದುರಾದಳು, ಕೈಯಲ್ಲಿ ಅರ್ಧ ಬಿಸ್ಕತ್ತು. ಮಗುವನ್ನು ಕೊಟ್ಟೆ. ಬಿಸ್ಕತ್ತು ಬಿಸಾಕಿ ಅವಚಿಕೊಂಡಳು.

ಮೇಲೆ ಮ್ಯಾನೇಜರರು ವಾಚ್‌ಮನ್‌ಗೆ ಮೇನ್ ಹಾಕು ಅಂದರು. "ಇನ್ನೂ ಗುಡುಗ್ತಾ ಇದೆ ಸಾರ್. ನೀವೇ ಹೇಳಿದ್ದು" ಅಂದ ಅವನು. ಅವರು ಕಿಟಕಿಯಾಚೆ ಆಕಾಶ ನೋಡಿ, "ಸರಿ ಹಾಗಾದ್ರೆ, ಗುಡುಗು ನಿಲ್ಲಲಿ."

ಮೇ 7, ಗುರುವಾರ

ಸುತ್ತೋಲೆ ಬಂತು. ತಾಯಂದಿರ ಸಮಯಪ್ರಜ್ಞೆಗೆ ಆಡಳಿತದ ಮೆಚ್ಚುಗೆ. ಇನ್ನು ಮುಂದೆ ಗುಡುಗಿದ ಕೂಡಲೇ ತಾಯಂದಿರು ಕೆಳಗಿಳಿದು ತಮ್ಮ ತಮ್ಮ ಮಕ್ಕಳನ್ನು ಮೇಲೆ ತರತಕ್ಕದ್ದು. ಅಪ್ಪಂದಿರ ಸುದ್ದಿಯೇ ಇಲ್ಲ. ಪಂಪಿಗೆ ಬೇರೆ ಲೈನ್ ಬೇಕಾದರೆ ಹೆಡ್ ಆಫೀಸಿನ ಒಪ್ಪಿಗೆ ಬರಬೇಕಂತೆ. ಅಲ್ಲಿಯವರೆಗೆ ಮೇನ್ ಕಾನೂನು ಇದ್ದ ಹಾಗೇ. ಸೆಲ್ಲಾರ್ ತೊಳೆದು ಪಂಪು ಒಣಗಿಸಿಟ್ಟರು. ಜಿರಾಫೆಯ ಕಾಲು ಅಳಿಸಿಹೋಗಿದೆ, ಬಣ್ಣ ಹಚ್ಚಿಸುತ್ತಾರಂತೆ.

ಇವರಿಗೆ ತೋರಿಸಿದೆ. "ನೋಡು, ಕೊನೆಗೂ ನಿನ್ನ ಮಾತು ಕೇಳಿದ್ರಲ್ಲ!"

ತಟ್ಟೆ ತೊಳೆಯಲು ಎದ್ದುಹೋದೆ.

ಮೇ 12, ಮಂಗಳವಾರ. ಮಧ್ಯಾಹ್ನ, ಮೀಟರ್ ರೂಮು

ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಮೇನ್ ನನ್ನ ಬೆನ್ನ ಹಿಂದೆ, ಒಳಗೆ. ಪುಟ್ಟಿ ತೊಡೆಯ ಮೇಲೆ, ನಿದ್ದೆ. ಆಕಾಶ ಕಡುಗಪ್ಪು. ಇಬ್ಬರು ತಾಯಂದಿರು ಕ್ಲೇಮಿನ ಸರ್ವೆಗೆ ಅಂತ ಹೊರಗೆ ಹೋಗಿದ್ದಾರೆ. ಅವರ ಮಕ್ಕಳನ್ನು ಯಾರು ತರುವುದು ಅಂತ ಸುತ್ತೋಲೆಯಲ್ಲಿ ಇಲ್ಲ.

ಗುಡುಗಿತು. ವಾಚ್‌ಮನ್ ಓಡಿ ಬಂದ. "ಏಳಿ ಮೇಡಂ, ನನ್ನ ಕೆಲಸ ಹೋಗುತ್ತೆ." ಹೋಗುವುದಾದರೆ ನನ್ನದು ಹೋಗಲಿ, ನನ್ನ ಹೆಸರು ಹೇಳಿ ಅಂದೆ. ತಲೆ ಕೆರೆದುಕೊಂಡು ಪಕ್ಕದಲ್ಲೇ ನಿಂತಿದ್ದಾನೆ. ಹೋಗುತ್ತಲೂ ಇಲ್ಲ.

ಎದುರು ಟೇಬಲ್ಲಿನವಳು ಬಂದಳು. ನಗಲು ಬಂದಳು ಅಂದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀನು ಇಲ್ಲಿಂದ ಏಳಬೇಡ. ಮಕ್ಕಳನ್ನ ನಾನು ತರ್ತೀನಿ" ಅಂದು ಇಳಿದು ಹೋದಳು. ಒಂದು ಮಗು ಬಂತು, ಆಯಾಳ ಹೆಗಲ ಮೇಲೆ. ಇನ್ನೊಂದು.

ಮಳೆ ಶುರು. ದೀಪ ಉರಿಯುತ್ತಲೇ ಇದೆ. ಕೆಳಗಿನಿಂದ ಗುರ್ ಅಂತ ಸದ್ದು — ಪಂಪು. ಹಾಗಾದರೆ ನೀರು ಬಂದಿದೆ. ಓಡುತ್ತಿದೆ. ಕೆಟ್ಟ ಸದ್ದು, ಇವರ ಗೊರಕೆಯ ಹಾಗೆ. ನಿಲ್ಲದಿದ್ದರೆ ಸಾಕು.

ಇನ್ನೂ ಮೂರು ಮಕ್ಕಳು ಕೆಳಗೆ.

ಕಾರಿಡಾರಿನಲ್ಲಿ ಬೂಟಿನ ಸದ್ದು. ಮೇನ್ ಯಾಕೆ ಆಫ್ ಆಗಿಲ್ಲ ಅಂತ ಮ್ಯಾನೇಜರರು ಕೂಗಿಕೊಂಡು ಬರುತ್ತಿದ್ದಾರೆ. ಬರಲಿ. ನನ್ನನ್ನೂ ಪುಟ್ಟಿಯನ್ನೂ ಕುರ್ಚಿ ಸಮೇತ ಎತ್ತಿ ಪಕ್ಕಕ್ಕಿಟ್ಟು ಒಳಗೆ ಹೋಗುವ ಧೈರ್ಯ ಈ ಮನುಷ್ಯನಿಗೆ ಇದ್ದರೆ ಎತ್ತಲಿ. ಪೆನ್ನು ಕೆಳಗಿಡುತ್ತೇನೆ.