ಗೆರೆಗಳು ಮುಟ್ಟದ ಜಾಗ

ಹೆಣ್ಣುಮಕ್ಕಳ ಹಾಸ್ಟೆಲ್, ವಿಶ್ವವಿದ್ಯಾಲಯ
ಗುರುವಾರ, ೯ ಅಕ್ಟೋಬರ್ ೨೦೨೫

ಅವ್ವಾ, ಶರಣು.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನೀನು ಬೈಯುತ್ತೀ. ಅದಕ್ಕೆ ತಂಗಿ ಮಧುಶ್ರೀಯೇ ಓದಿ ಹೇಳಲಿ. ಮಧು, ಜಗುಲಿಯಲ್ಲಿ ಬೇಡ. ಅಡುಗೆಮನೆಯಲ್ಲಿ ಅವ್ವನನ್ನು ಕೂರಿಸಿಕೊಂಡು ನಿಧಾನವಾಗಿ ಓದು.

ನಾನು ಫೋನು ಮಾಡಿದರೆ ನೀನು "ಊಟ ಆಯ್ತಾ? ಸರಿ, ಇಡ್ತೀನಿ" ಎಂದು ಇಟ್ಟುಬಿಡುತ್ತೀ. ನನ್ನ ಕೊರಳ ಇಷ್ಟಲಿಂಗವನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಬಂದಾಗಿನಿಂದ ನಮ್ಮಿಬ್ಬರ ಮಾತು ಅಷ್ಟಕ್ಕೇ ನಿಂತಿದೆ. ಕಾಗದವನ್ನಾದರೂ ಪೂರ್ತಿ ಕೇಳುತ್ತೀಯೇನೋ ಎಂದು ಬರೆಯುತ್ತಿದ್ದೇನೆ.

ನೀನು ಕೆಮ್ಮಿಗೆಂದು ತರೀಕೆರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದ್ದು ನನಗೆ ಗೊತ್ತಾಗಿದೆ. ಮಧುವನ್ನು ಬೈಯಬೇಡ, ಅವಳು ಬಾಯಿ ಬಿಟ್ಟಿಲ್ಲ. ನಾನೇ ನಿನ್ನನ್ನು ನೋಡಿದೆ.

ಹೇಗೆಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಹೇಳಬೇಕು. ನೀನು ಒಮ್ಮೆಯೂ ಕೇಳಲಿಲ್ಲ. ಇಲ್ಲಿ ಕಿಟಕಿಯೇ ಇಲ್ಲದ ಒಂದು ದೊಡ್ಡ ಹಾಲ್ ಇದೆ. ಮೂರು ಗೋಡೆಗೂ ನೆಲಕ್ಕೂ ಪರದೆ. ದೊಡ್ಡ ಕಂಪ್ಯೂಟರುಗಳು ಹಾಕಿದ ಲೆಕ್ಕವೆಲ್ಲ ಅಲ್ಲಿ ಚಿತ್ರವಾಗಿ ಹರಡುತ್ತದೆ. ಒಂದು ಕಪ್ಪು ಕನ್ನಡಕ ಹಾಕಿಕೊಂಡರೆ ಆ ಚಿತ್ರದೊಳಗೇ ನಡೆದಾಡಬಹುದು. ಲಕ್ಕವಳ್ಳಿ ಡ್ಯಾಮಿನ ನೀರೊಳಗೆ, ಕೆಮ್ಮಣ್ಣುಗುಂಡಿಯ ಮೋಡದೊಳಗೆ ನಿಂತು ಸಂಶೋಧಕರು ವಾದ ಮಾಡುತ್ತಾರೆ. ಅವರು ಬರುವ ಮೊದಲು ಹಾಲ್ ಸಿದ್ಧಪಡಿಸಿ ಚಿತ್ರ ತೆರೆಯುವುದು ನನ್ನ ಕೆಲಸ.

ಈ ತಿಂಗಳು ಎದೆಯ ಸ್ಕ್ಯಾನುಗಳ ಸಂಶೋಧನೆ ನಡೆಯುತ್ತಿದೆ. ಮೈಮೇಲೆ ಲೋಹವಿದ್ದರೆ ಸ್ಕ್ಯಾನಿನಲ್ಲಿ ಅದರ ಸುತ್ತ ಬಿಳಿ ಗೆರೆಗಳು ಚಿಮ್ಮಿ ಚಿತ್ರ ಕೆಡುತ್ತದೆ. ಆ ಗೆರೆಗಳನ್ನು ಲೆಕ್ಕದಿಂದಲೇ ಅಳಿಸಲು ಬರುತ್ತದೆಯೇ ಎಂದು ಇಲ್ಲಿ ನೋಡುತ್ತಿದ್ದಾರೆ. ಸ್ಕ್ಯಾನ್ ಮಾಡುವ ಕಡೆಯವರು ಕೆಟ್ಟುಹೋದ ಚಿತ್ರಗಳನ್ನು ಹೆಸರು, ಊರು ಅಳಿಸಿ ಕಳಿಸುತ್ತಾರೆ. ಒಪ್ಪಿಗೆಗೆ ನಿನ್ನ ಸಹಿಯನ್ನೂ ಹಾಕಿಸಿಕೊಂಡಿರಬೇಕು.

ಹೆಸರು ಅಳಿಸಲೇಬೇಕೆಂದು ಜಗಳ ತೆಗೆದವಳು ನಾನೇ ಅವ್ವ. "ಬಡವರ ಎದೆಗೂಡು ಯಾರ ಸ್ವತ್ತೂ ಅಲ್ಲ" ಎಂದು ಕರಪತ್ರ ಬರೆದು ಹಂಚಿದೆ. ಯಾರ ಚಿತ್ರವೆಂದು ಹುಡುಕಲು ಹೋದವರನ್ನು ಕೆಲಸದಿಂದ ತೆಗೆಯಬೇಕು ಎಂದು ಹಟ ಹಿಡಿದು ನಿಯಮ ಮಾಡಿಸಿದೆ. ಕಡೂರು ಬಸ್ ನಿಲ್ದಾಣದ ಅಂಗಡಿಯಿಂದ ನಾನು ತರುತ್ತಿದ್ದ ಚಳವಳಿಯ ಸಣ್ಣ ಪುಸ್ತಕಗಳನ್ನು ನೀನು ಒಲೆಗೆ ಹಾಕುತ್ತೇನೆ ಎನ್ನುತ್ತಿದ್ದೆಯಲ್ಲ, ಹಾಕಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಎಲ್ಲ ಬಾಯಿಪಾಠವಾಗಿತ್ತು.

ಸೋಮವಾರ ಒಂದು ಚಿತ್ರ ತೆರೆದೆ. ಪಕ್ಕೆಲುಬುಗಳು ತೊಲೆಗಳ ಹಾಗೆ ತಲೆಯ ಮೇಲೆ ಬಾಗಿದವು. ಎದುರಿಗೆ ಕಣ್ಣು ಕೋರೈಸುವ ಒಂದು ಬಿಳಿ ಗಡ್ಡೆ, ಅದರಿಂದ ಎಲ್ಲ ಕಡೆಗೂ ಗೆರೆ. ನನ್ನ ಜೊತೆ ಕೆಲಸ ಮಾಡುವ ದುಶ್ಯಂತ್ ಚಿತ್ರದುರ್ಗದ ಕಡೆಯವನು, ತಮಾಷೆಯ ಮನುಷ್ಯ. "ಈಯಮ್ಮ ಏನೋ ಕಟ್ಕೊಂಡೇ ಮಲಗ್ಬಿಟ್ಟವ್ಳೆ ಕಣ್ರೀ! ಇದು ಯಮ್ಮನ ಸ್ಕ್ಯಾನೋ, ಸೂರ್ಯನ ಸ್ಕ್ಯಾನೋ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವನು ಚಿತ್ರವನ್ನು ತಿರುಗಿಸಿದ. ಬಿಳಿ ಗಡ್ಡೆ ಲಿಂಗವಿಡುವ ಒಂದು ಬೆಳ್ಳಿ ಕರಡಿಗೆಯಾಯಿತು. ಮುಚ್ಚಳದ ಅಂಚಿನಲ್ಲಿ ಹುಣಸೆಬೀಜದಂಥ ಉಬ್ಬು. ಕಡೂರಿನ ಅಕ್ಕಸಾಲಿ ಬೆಸುಗೆ ಹಾಕಿ ಹಾಗೇ ಒರಟಾಗಿ ಬಿಟ್ಟದ್ದು. ನನಗೆ ಹಲ್ಲು ಬರುವಾಗ, ಹಾಲು ಕುಡಿಯುತ್ತ ಕುಡಿಯುತ್ತ ಅದನ್ನೇ ಕಚ್ಚುತ್ತಿದ್ದೆನಂತೆ. "ಸ್ವಾಮೀನೇ ತಿಂದ್ಬಿಡ್ತೀಯೇನೇ?" ಎಂದು ನೀನು ಕೆನ್ನೆ ಹಿಂಡುತ್ತಿದ್ದೆ ಎಂದು ಅಜ್ಜಿ ಹೇಳುತ್ತಿದ್ದಳು.

ನಾನು ನಿನ್ನೊಳಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದೆ ಅವ್ವ. ಬೇಗ ಕಳಚಿದೆ. ಕೈ ಚಾಚಿದರೆ ನಿನ್ನ ಹೃದಯ, ಆದರೆ ಕೈಗೆ ಏನೂ ಸಿಗಲಿಲ್ಲ. ಆವತ್ತಿನಿಂದ ಕಣ್ಣು ಮುಚ್ಚಿದರೆ ಆ ಬಿಳಿ ಗೆರೆಗಳೇ ಕಾಣುತ್ತವೆ.

ನೀನು ಹೆದರಬೇಡ. ಹೆದರುವಂಥದ್ದು ಅಲ್ಲಿ ಏನೂ ಕಾಣಲಿಲ್ಲ. ಕರಡಿಗೆಯಿಂದಾಗಿ ಚಿತ್ರ ಕೆಟ್ಟಿದೆ, ಅಷ್ಟೇ. ನಾನು ಸುಳ್ಳು ಹೇಳುವವಳಲ್ಲ ಎಂಬುದು ನಿನಗೂ ಗೊತ್ತು. ಲಿಂಗ ಬಿಚ್ಚಿದ ದಿನವೂ ಕದ್ದು ಬಿಚ್ಚಲಿಲ್ಲ, ನಿನ್ನ ಕಣ್ಣೆದುರೇ ಬಿಚ್ಚಿದೆ.

ಆದರೆ ಇನ್ನೊಂದು ಸ್ಕ್ಯಾನ್ ಆಗಬೇಕು. ಚಿತ್ರ ಕೆಟ್ಟವರಿಗೆಲ್ಲ ಮತ್ತೆ ಬನ್ನಿ ಎಂದಿರುತ್ತಾರೆ. ಮೈಮೇಲಿನದನ್ನು ತೆಗೆದಿಟ್ಟು ಬನ್ನಿ ಎಂದೂ ಹೇಳಿರುತ್ತಾರೆ. ನೀನು ಎದ್ದು ಬಂದಿರುತ್ತೀ. "ಇದನ್ನ ಬಿಚ್ಚೋ ದಿನ ನಾನೇ ಇರಲ್ಲ ಕಣೇ" ಎಂದು ನನಗೇ ಹೇಳಿದವಳಲ್ಲವೇ ನೀನು.

ಬಿಚ್ಚು ಎಂದು ನಾನು ಕೇಳುವುದಿಲ್ಲ. ಎದೆಯ ಸ್ಕ್ಯಾನಿಗೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿಸಿ ಮಲಗಿಸುತ್ತಾರೆ. ಅಂಗೈ ಚಿತ್ರದೊಳಗೆ ಬರುವುದೇ ಇಲ್ಲ. ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಹಿಡಿದುಕೋ, ಬೆಳಿಗ್ಗೆ ಪೂಜೆಗೆ ಕೂತಾಗ ಹಿಡಿಯುವ ಹಾಗೆ. ಅದು ನಿನ್ನ ಮೈಬಿಟ್ಟು ಹೋಗುವುದಿಲ್ಲ. ಖಾಲಿ ಕರಡಿಗೆಯನ್ನು ನಾನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿರುತ್ತೇನೆ. ಈ ದಾರಿ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ನೀನು ಪೂಜೆಗೆ ಕೂರುತ್ತಿದ್ದುದನ್ನು ನೆನೆಸಿಕೊಂಡಾಗ ಹೊಳೆಯಿತು.

ಬರುವ ಸೋಮವಾರ ನಿನ್ನ ಉಪವಾಸ, ಪೂಜೆ ಎಲ್ಲ ಮುಗಿಯಲಿ. ಮಂಗಳವಾರ ಅಜ್ಜಂಪುರದಿಂದ ಮೊದಲ ಬಸ್ಸು ಹಿಡಿದು ಮಧು ಜೊತೆ ಕಡೂರಿಗೆ ಬಾ. ಆ ಪುಸ್ತಕದ ಅಂಗಡಿಯ ಮುಂದೆ ನಾನು ಕಾಯುತ್ತಿರುತ್ತೇನೆ. ಅಲ್ಲಿಂದ ಮುಂದಕ್ಕೆ ನಾನು ಕರೆದುಕೊಂಡು ಹೋಗುತ್ತೇನೆ. ದಾರಿಯುದ್ದಕ್ಕೂ ಬೈಯಬೇಕೆಂದರೆ ಬೈ, ಎದುರು ಮಾತಾಡುವುದಿಲ್ಲ.

ನಿನ್ನ ಹಟಮಾರಿ ಮಗಳು,
ನಿಶ್ಚಿತಾ

ಮರೆತ ಮಾತು: ಮಧು, ಇಲ್ಲಿಂದ ಮುಂದಿನದನ್ನು ಅವ್ವನಿಗೆ ಓದಬೇಡ. "ಏನೋ ಬಸ್ಸಿನ ಟೈಮು ಬರ್ದವ್ಳೆ" ಅನ್ನು. ಫೋನಿನಲ್ಲಿ ಹೇಳಲು ಹೋದರೆ ನಾನು ಅತ್ತುಬಿಡುತ್ತೇನೆ, ಅದಕ್ಕೇ ಬರೆದೆ. ಮೇಲೆ ಒಂದು ಸುಳ್ಳಿದೆ. ಗೆರೆಗಳು ಎದೆಯ ಮೇಲ್ಭಾಗವನ್ನಷ್ಟೇ ಮುಚ್ಚಿವೆ. ಕೆಳಗೆ, ಎಡಗಡೆಯ ಶ್ವಾಸಕೋಶದ ಹಿಂಬದಿಯಲ್ಲಿ, ಗೆರೆಗಳು ಮುಟ್ಟದ ಜಾಗದಲ್ಲಿ ಚಿತ್ರ ನಿಚ್ಚಳವಾಗಿದೆ. ಅಲ್ಲಿ ಒಂದು ಗಂಟಿದೆ, ಅಡಿಕೆಯಷ್ಟು. ಹಾಲಿಗೆ ಬಂದಿದ್ದ ಡಾಕ್ಟರಮ್ಮ ಅದರ ಮುಂದೆ ನಿಂತುಬಿಟ್ಟರು. "ಈಯಮ್ಮ ಎಲ್ಲಿಯವರು? ಬೇಗ ಕರೆಸ್ಬೇಕಲ್ಲಾ" ಎಂದರು. ದುಶ್ಯಂತ್ "ಹೆಸರಿಲ್ಲ ಮೇಡಂ, ಹುಡುಕೋ ಹಾಗೂ ಇಲ್ಲ" ಎಂದು ನನ್ನ ಕಡೆ ನೋಡಿದ. ನಾನು "ನಮ್ಮವ್ವ" ಎಂದೆ. ಮಂಗಳವಾರದ ದಿನ ಗೊತ್ತುಮಾಡಿದ್ದು ಅವರೇ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಅದು ಆಮೇಲಿನ ಮಾತು. ಬಸ್ಸಿನಲ್ಲಿ ಅವ್ವ ಕೇಳಿದರೆ ಬರೀ ಗೆರೆ ಎಂದೇ ಹೇಳು. ಕಡೂರಿನಲ್ಲಿ ನಾನೂ ಹಾಗೇ ಹೇಳುತ್ತೇನೆ. ಹೇಳುವಾಗ ನೀನು ನನ್ನ ಮುಖ ನೋಡಬೇಡ.