ಯಾವ ಕೈಯಲ್ಲಿ ಉಣ್ಣಬೇಕಿತ್ತು?

ಶುಶ್ರೂಷಾ ಸೇವೆಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಿಮ್ಮ ಅಧೀನದ ಆಸ್ಪತ್ರೆಯಲ್ಲಿ ನನ್ನ ತಾಯಿ ದಿನಗಟ್ಟಲೆ ಉಪವಾಸ ಬಿದ್ದಿದ್ದಳು. ಔಷಧ ತಪ್ಪಲಿಲ್ಲ, ಸಲೈನ್ ತಪ್ಪಲಿಲ್ಲ, ರಕ್ತದೊತ್ತಡ ಅಳೆಯುವುದು ತಪ್ಪಲಿಲ್ಲ, ಊಟವೂ ಹೊತ್ತುಹೊತ್ತಿಗೆ ಬಂತು. ಆ ಊಟವನ್ನು ಅವಳ ಬಾಯಿಗಿಡುವ ಕೈಯೊಂದು ಬರಲಿಲ್ಲ. ಅದು ಯಾರ ಕೆಲಸ ಎಂದು ನಿಮ್ಮ ಕಚೇರಿಯಲ್ಲಿ ಕೇಳಿದ್ದಕ್ಕೆ ಸಲಹಾ ಪೆಟ್ಟಿಗೆಯತ್ತ ಬೆರಳು ತೋರಿಸಿದರು. ಹಾಗಾಗಿ ಎಲ್ಲರೆದುರೇ ಕೇಳುತ್ತಿದ್ದೇನೆ.

ನಾನು ಮುದ್ದೇಬಿಹಾಳದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ತಾಯಿ ಅಮೀನಾಬಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಇಂಡಿ, ಸಿಂದಗಿ, ಬಾಗೇವಾಡಿ ಕಡೆಯವರೆಲ್ಲ ಕೊನೆಗೆ ಬಂದು ಸೇರುವ ನಿಮ್ಮ ದೊಡ್ಡ ಆಸ್ಪತ್ರೆಗೇ ನಾವೂ ಬಂದೆವು. ಮೆತ್ತಗಿನ ಊಟ ನುಂಗಬಲ್ಲರು ಎಂದು ವೈದ್ಯರು ಪರೀಕ್ಷಿಸಿ ಹೇಳಿದ್ದರು. ಮನೆಯವರಿಗೆ ಸಂಜೆ ಒಂದು ತಾಸು ಮಾತ್ರ ಪ್ರವೇಶ, ಊಟದ ಹೊತ್ತಿನಲ್ಲಂತೂ ಇಲ್ಲವೇ ಇಲ್ಲ. ಸೋಂಕಿನ ಭಯವೆಂದರು, ಒಪ್ಪಿಕೊಂಡೆವು. ಆಮೇಲೊಂದು ದಿನ ಫೋನ್ ಬಂತು: ನಿಮ್ಮ ತಾಯಿ ಊಟ ನಿರಾಕರಿಸುತ್ತಿದ್ದಾರೆ, ಮೂಗಿನಿಂದ ನಳಿಕೆ ಹಾಕಬೇಕು, ಬಂದು ಸಹಿ ಮಾಡಿ.

ಸಹಿಯ ನೆಪದಲ್ಲಿ ನನಗೆ ಊಟದ ಹೊತ್ತಿನ ವಾರ್ಡು ನೋಡುವ ಭಾಗ್ಯ ಸಿಕ್ಕಿತು. ಊಟದ ಗಾಡಿಯವರು ಹಾಲು ಹಾಕಿದ ನುಚ್ಚನ್ನು ಅಮ್ಮನ ಎಡಮಗ್ಗುಲಿಗೆ ಇಟ್ಟು ಮುಂದೆ ಹೋದರು. ಸ್ವಾಧೀನವಿದ್ದ ಕೈ ಅದೇ ತಾನೆ? ನಿಮ್ಮ ನಿಯಮದಲ್ಲಿ ಕುಂದಿಲ್ಲ. ಅಮ್ಮ ನುಚ್ಚು ನೋಡಿದಳು, ತನ್ನ ಎಡಗೈ ನೋಡಿದಳು, ಆ ಕೈಯನ್ನು ಮೆಲ್ಲಗೆ ಚಾದರದೊಳಗೆ ಎಳೆದುಕೊಂಡಳು.

ಮಾನ್ಯರೇ, ನಮ್ಮ ಸೀಮೆಯಲ್ಲಿ ಮಸೀದಿಗೆ ಹೋಗುವವರಿರಲಿ, ಗುಡಿಗೆ ಹೋಗುವವರಿರಲಿ, ಎಡಗೈಯಲ್ಲಿ ಉಣ್ಣುವುದಿಲ್ಲ. ಆ ಕೈ ಯಾವ ಕೆಲಸಕ್ಕೆ ಮೀಸಲು ಎಂದು ನಿಮಗೆ ಬಿಡಿಸಿ ಹೇಳಬೇಕೆ? ಸಣ್ಣವಳಿದ್ದಾಗ ನಾನು ಮರೆತು ಎಡಗೈಯಿಂದ ರೊಟ್ಟಿ ಬಾಯಿಗಿಟ್ಟರೆ ಅಮ್ಮ ಮೊಣಕೈಗೆ ತಟ್ಟಿ, “ಆ ಕೈ ಒಳಗಿಡು, ಫಿರದೋಸ” ಎನ್ನುತ್ತಿದ್ದಳು. ಬಿಸ್ಮಿಲ್ಲಾ ಎಂದು ಬಲಗೈಯಲ್ಲೇ ಉಂಡು ಮುದುಕಿಯಾದವಳು ಲಕ್ವ ಹೊಡೆದ ಮಾತ್ರಕ್ಕೆ ಅದನ್ನು ಬಿಡುತ್ತಾಳೆಯೆ? ಹೇಳಿಕೊಳ್ಳೋಣವೆಂದರೆ ಮಾತಿಲ್ಲ. ತಟ್ಟೆ ತುಂಬಿದ್ದು ತುಂಬಿದಂತೆ ಮರಳುತ್ತಿತ್ತು, ನಿಮ್ಮ ಕಂಪ್ಯೂಟರ್ ಅದಕ್ಕೆ ‘ನಿರಾಕರಣೆ’ ಎನ್ನುತ್ತಿತ್ತು. ನಾನು ಒಂದು ತುತ್ತು ಹಿಡಿದೆ. ಉಂಡಳು. ಬಟ್ಟಲು ಬರಿದಾಗುವವರೆಗೂ ಉಂಡಳು. ನನಗೆ ಅಳು ತಡೆಯಲಾಗಲಿಲ್ಲ.

ಆ ವಾರ್ಡಿನ ನರ್ಸ್ ಸುವರ್ಣಾ, ಬಾಗೇವಾಡಿ ಕಡೆಯ ಹುಡುಗಿ. ವಿಷಯ ಹೇಳಿದಾಗ ಅವಳ ಮುಖ ಸಪ್ಪಗಾಯಿತು.

“ನಮ್ಮ ಮನ್ಯಾಗೂ ಹಂಗ ಐತ್ರಿ ಅಕ್ಕಾರ. ತಾಟು ಇಟ್ಟಮ್ಯಾಲ ಇಲ್ಲೇ ಒಂದೀಟು ನಿಂತಿದ್ರ ನನಗೂ ತಿಳೀತಿತ್ರಿ.”

“ಮತ್ತ ನಿಲ್ಲಾಕ ಏನಾಗೈತಿ?”

“ಕಂಪ್ಯೂಟರ್‌ನ್ಯಾಗ ತುಂಬೋದು ತಡ ಆದ್ರ ಮೆಮೊ ಬರ್ತೈತ್ರಿ. ಆಯಿಗೆ ಉಣಿಸಲಿಲ್ಲಂದ್ರ ಬರಂಗಿಲ್ರಿ. ಉಣಿಸೋದು ಕಾಲೇಜಿನ್ಯಾಗ ಗೊಂಬಿ ಮ್ಯಾಲ ಕಲತೇನ್ರಿ. ಗೊಂಬಿ ಕೈ ಒಳಗ ಎಳಕೊಳ್ಳಂಗಿಲ್ರಿ.”

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ತಮ್ಮ ಮೇಲೆ. ನರ್ಸುಗಳಿಗೆ ‘ಶುಶ್ರೂಷಾಧಿಕಾರಿ’ ಎಂಬ ಭಾರದ ಹೆಸರು ದೊರೆತಿದೆ, ಸಂತೋಷ. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳಿಸಿಕೊಳ್ಳುವ ಇಚ್ಛೆ ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಮಾತು ಹೋದವಳನ್ನು ಕೇಳಿಸಿಕೊಳ್ಳಬೇಕಾದರೆ ಅವಳ ಮಗ್ಗುಲಲ್ಲಿ ಕೂರಬೇಕಲ್ಲವೆ? ತಾವು ಕುರ್ಚಿ ಹಾಕಿಸಿರುವುದು ಕಂಪ್ಯೂಟರ್ ಪರದೆಯ ಮುಂದೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ತುತ್ತಿಡುವುದು ಇವೆಲ್ಲ ಚಿಲ್ಲರೆ ಕೆಲಸಗಳೆಂದು ಯಾವ ಸಭೆಯಲ್ಲಿ ತೀರ್ಮಾನವಾಯಿತು? ಆ ಸಭೆಯಲ್ಲಿ ಒಬ್ಬರಾದರೂ ಎಂದಾದರೂ ಹಾಸಿಗೆ ಹಿಡಿದವರು ಇದ್ದರೇನು?

ಊಟಕ್ಕೆ ನಾನೇ ಬರುತ್ತೇನೆಂದು ಮೇಲ್ವಿಚಾರಕರನ್ನು ಬೇಡಿಕೊಂಡೆ. ಅವರು ಅಮ್ಮನ ತಲೆದಿಂಬಿನ ಬಳಿಯೇ ನಿಂತು, “ರೂಲ್ಸ್‌ನ್ಯಾಗ ಇಲ್ರಿ. ನಳಿಗಿ ಹಾಕಿಬಿಟ್ರ ನಿಮಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ” ಎಂದರು. ಅಮ್ಮನ ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ನಾನು ಸಹಿ ಮಾಡದೆ ಒಂದು ದಿನದ ಸಮಯ ಕೇಳಿ ಹೊರಬಂದೆ.

ಮರುದಿನ ಸುವರ್ಣಾಳ ಫೋನ್ ಬಂತು. “ಅಕ್ಕಾರ, ನಳಿಗಿ ಬ್ಯಾಡಂತ್ರಿ! ಆಯಿ ತಾವ ಉಂಡ್ರು.”

“ಯಾವ ಕೈಲೆ?”

ಅವಳು ಸಣ್ಣ ದನಿಯಲ್ಲಿ, “ಎಡಗೈಲೇರಿ. ಗ್ವಾಡಿ ಕಡೆ ಮಾರಿ ಮಾಡಿ ಉಂಡ್ರು” ಎಂದಳು.

ತಮ್ಮ ಪರದೆಯಲ್ಲಿ ಅಂದು ‘ಸುಧಾರಣೆ’ ಎಂದು ದಾಖಲಾಯಿತಂತೆ. ಅಮ್ಮ ಈಗ ಮನೆಯಲ್ಲಿದ್ದಾಳೆ. ನಾನು ತುತ್ತು ಹಿಡಿದರೆ ಬಾಯಿ ತೆರೆಯುವುದಿಲ್ಲ, ತಲೆಯಾಡಿಸುತ್ತಾಳೆ. ನಾವೆಲ್ಲ ಹೊರಗೆ ಹೋಗಿ ಬಾಗಿಲು ಮುಂದೆಳೆದ ಮೇಲೆ ಒಬ್ಬಳೇ ಉಣ್ಣುತ್ತಾಳೆ. ಯಾರಿಗೂ ತ್ರಾಸಾಗಬಾರದು ಎಂಬುದನ್ನು ನಿಮ್ಮ ಆಸ್ಪತ್ರೆ ಅವಳಿಗೆ ಅಷ್ಟು ಚೆನ್ನಾಗಿ ಕಲಿಸಿ ಕಳಿಸಿದೆ.

ನನಗೆ ಪರಿಹಾರ ಬೇಡ. ಸುವರ್ಣಾಳಿಗೆ ಮೆಮೊ ಕೊಟ್ಟು ಕೈತೊಳೆದುಕೊಳ್ಳುವುದೂ ಬೇಡ. ಊಟದ ಹೊತ್ತಿನಲ್ಲಿ ಆ ಕಂಪ್ಯೂಟರ್‌ಗಳನ್ನು ಮುಚ್ಚಿಸಿ, ನರ್ಸುಗಳನ್ನು ಹಾಸಿಗೆಯ ಬಳಿ ಕೂರಲು ಬಿಡಿ. ಜನ ಸಾಲದಿದ್ದರೆ ನೇಮಿಸಿಕೊಳ್ಳಿ, ಅಲ್ಲಿಯತನಕ ಮನೆಯವರನ್ನಾದರೂ ಒಳಗೆ ಬಿಡಿ. ನರ್ಸಿಂಗ್ ಓದುವ ಮಕ್ಕಳು ಜೀವವಿರುವ ಒಬ್ಬರಿಗೆ ಹೊಟ್ಟೆ ತುಂಬ ಉಣಿಸದೆ ಪಾಸಾಗಕೂಡದು. ಇದೆಲ್ಲ ಅತಿಯಾಯಿತು ಎನ್ನಿಸಿದರೆ, ತಾವು ಒಂದು ದಿನ ಬಲಗೈಯನ್ನು ಬೆನ್ನಿಗೆ ಕಟ್ಟಿಸಿಕೊಂಡು ನಾಲ್ಕು ಜನರ ನಡುವೆ ಊಟಕ್ಕೆ ಕೂತು ನೋಡಿ.

ಇಂತಿ,
ತಾಯಿಯ ಊಟ ಮುಗಿಯಲೆಂದು ಬಾಗಿಲ ಹೊರಗೆ ಕಾಯುತ್ತಿರುವ
ಫಿರದೋಸ, ಮುದ್ದೇಬಿಹಾಳ